ಕೆಲಸ ಹೋದದ್ದು ಯಾರಿಂದ?

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಕನಾಪೊಲಿಸ್ ಎಂಬ ಊರಿದೆ. ಸುಮಾರು ನೂರು ವರ್ಷ ಅದು ಟವೆಲ್ಲಿನ ಊರಾಗಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜೇಮ್ಸ್ ಕ್ಯಾನನ್ ಎಂಬ ಉದ್ಯಮಿ ಅಲ್ಲಿ ಗಿರಣಿ ಹಾಕಿದ. ಕೂಲಿಕಾರರ ಮನೆ, ಅಂಗಡಿ, ಬೀದಿ ಎಲ್ಲವನ್ನೂ ಗಿರಣಿಯೇ ಕಟ್ಟಿಸಿತು. ಊರಿಗೆ ತನ್ನದೇ ಪುರಸಭೆ ಬಂದದ್ದು 1984ರಲ್ಲಿ. ಅಲ್ಲಿಯವರೆಗೆ ಗಿರಣಿಯೇ ಊರು, ಊರೇ ಗಿರಣಿ. 2003ರ ಜುಲೈ 30ರಂದು ಆ ಗಿರಣಿಗಳ ಆಗಿನ ಒಡೆಯ ಪಿಲ್ಲೊಟೆಕ್ಸ್ ಕಂಪನಿ ಬಾಗಿಲು ಮುಚ್ಚಿತು. ನಾರ್ತ್ ಕೆರೊಲಿನಾ ಒಂದರಲ್ಲೇ ಸುಮಾರು 4,800 ಜನರ ಕೆಲಸ ಹೋಯಿತು. ಒಂದೇ ಏಟಿಗೆ ಅಷ್ಟು ಜನರನ್ನು ಮನೆಗೆ ಕಳಿಸಿದ್ದು ಆ ರಾಜ್ಯದ ಇತಿಹಾಸದಲ್ಲಿ ಅದೇ ಮೊದಲು.

ಕೆಲಸ ಕಳೆದುಕೊಂಡವರ ಮುಂದೆ ಆಗ ಒಂದು ವಿಚಿತ್ರ ಪ್ರಶ್ನೆ ಬಂತು. ಕೆಲಸ ಹೋಯಿತು ಸರಿ, ಯಾರಿಂದ ಹೋಯಿತು? ಕಂಪನಿಯ ಸಾಲದಿಂದಲೋ, ಹೊಸ ಯಂತ್ರದಿಂದಲೋ, ಅಥವಾ ಹಡಗಿನಲ್ಲಿ ಬಂದಿಳಿದ ಅಗ್ಗದ ವಿದೇಶಿ ಟವೆಲ್ಲಿನಿಂದಲೋ? ನಮಗೆ ಇದು ಚಹಾದಂಗಡಿಯ ಚರ್ಚೆಯಂತೆ ಕಾಣಬಹುದು. ಅಮೆರಿಕದಲ್ಲಿ ಈ ಪ್ರಶ್ನೆಯ ಉತ್ತರಕ್ಕೆ ಹಣ ಕಟ್ಟಿತ್ತು. ಆಮದಿನಿಂದ ಕೆಲಸ ಹೋಯಿತೆಂದು ಸಾಬೀತಾದರೆ ಒಂದು ಬಗೆಯ ಬದುಕು. ಇಲ್ಲವಾದರೆ ಎಲ್ಲರಿಗೂ ಸಿಗುವ ನಿರುದ್ಯೋಗ ಭತ್ಯೆ ಕೆಲವು ತಿಂಗಳು, ಆಮೇಲೆ ಅವರವರ ಪಾಡು ಅವರವರಿಗೆ.

ಆ ವಿಶೇಷ ನೆರವಿನ ಹೆಸರು ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್, ಚಿಕ್ಕದಾಗಿ ಟಿಎಎ. ಅದರ ಹಿಂದಿನ ನ್ಯಾಯ ಸರಳವಾದದ್ದು. ಸುಂಕ ಇಳಿಸಿದರೆ ದೇಶಕ್ಕೆ ಒಟ್ಟಾರೆ ಲಾಭ. ಗಿರಾಕಿಗೆ ಅಗ್ಗದ ಬಟ್ಟೆ, ರಫ್ತುದಾರನಿಗೆ ಹೊಸ ಮಾರುಕಟ್ಟೆ. ಆದರೆ ಆ ಲಾಭದ ಬೆಲೆಯನ್ನು ಎಲ್ಲರೂ ಹಂಚಿಕೊಂಡು ತೆರುವುದಿಲ್ಲ, ಕೆಲವೇ ಊರುಗಳ ಕೆಲವೇ ಕಾರ್ಖಾನೆಗಳ ಜನ ತೆರುತ್ತಾರೆ. ಹಾಗಿದ್ದ ಮೇಲೆ ಗೆದ್ದವರ ಗಳಿಕೆಯಿಂದ ಸೋತವರಿಗೆ ಒಂದು ಪಾಲು ಹೋಗಬೇಡವೇ? ಉಕ್ಕು ಕಾರ್ಮಿಕರ ಸಂಘದ ನಾಯಕ ಡೇವಿಡ್ ಮೆಕ್‌ಡೊನಾಲ್ಡ್ 1954ರಲ್ಲೇ ಇಂಥದ್ದೊಂದು ಯೋಜನೆ ಬೇಕೆಂದು ಸರ್ಕಾರಿ ಆಯೋಗದ ಮುಂದೆ ವಾದಿಸಿದ್ದರು. ಅದು ಕಾನೂನಾದದ್ದು ಅಧ್ಯಕ್ಷ ಕೆನಡಿ ಕಾಲದಲ್ಲಿ, 1962ರ ವ್ಯಾಪಾರ ವಿಸ್ತರಣಾ ಕಾಯ್ದೆಯ ಒಂದು ಭಾಗವಾಗಿ. ಸುಂಕ ಇಳಿಕೆಗೆ ಕಾರ್ಮಿಕ ಸಂಘಗಳ ಒಪ್ಪಿಗೆ ಬೇಕಿತ್ತು, ಆ ಒಪ್ಪಿಗೆಗೆ ಸರ್ಕಾರ ಕೊಟ್ಟ ಮಾತು ಇದು.

ಮಾತು ಕೊಟ್ಟ ಮೇಲೆ ಆದದ್ದೇನು? 1962ರಿಂದ 1969ರ ನವೆಂಬರ್‌ವರೆಗೆ, ಏಳು ವರ್ಷ, ಒಂದೇ ಒಂದು ಕಾರ್ಮಿಕ ಗುಂಪಿಗೂ ನೆರವು ಮಂಜೂರಾಗಲಿಲ್ಲ. ಅರ್ಜಿಗಳು ಬರುತ್ತಿದ್ದವು, ಬಿದ್ದುಹೋಗುತ್ತಿದ್ದವು. ಕಾರಣ ಕಾಯ್ದೆಯ ಎರಡು ಮಾತುಗಳಲ್ಲಿತ್ತು. ಆಮದು ಹೆಚ್ಚಿದ್ದು ಬಹುಮಟ್ಟಿಗೆ ಸರ್ಕಾರದ ಸುಂಕ ಇಳಿಕೆಯಿಂದಲೇ ಎಂದು ತೋರಿಸಬೇಕು. ಕೆಲಸ ಹೋಗಲು ಆ ಆಮದೇ ಪ್ರಧಾನ ಕಾರಣ ಎಂದೂ ತೋರಿಸಬೇಕು. ಒಂದು ಕಾರ್ಖಾನೆ ಮುಳುಗುವುದಕ್ಕೆ ಹತ್ತು ಕಾರಣ ಇರುತ್ತವೆ. ಹತ್ತರಲ್ಲಿ ಇದೇ ದೊಡ್ಡದು ಎಂದು ಮಗ್ಗದ ಮುಂದೆ ನಿಂತ ಹೆಣ್ಣುಮಗಳು ಯಾವ ತಕ್ಕಡಿಯಲ್ಲಿ ತೂಗಿ ತೋರಿಸಬೇಕಿತ್ತು? ಅರ್ಹತೆಯ ಒಂದು ಪದ ಇಡೀ ಯೋಜನೆಯನ್ನು ಹೇಗೆ ಬಾಯಿ ಕಟ್ಟಿ ಕೂರಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಕಾರ್ಮಿಕ ಸಂಘಗಳವರು ಈ ನೆರವಿಗೆ ‘ಹೆಣ ಹೂಳುವ ವಿಮೆ’ ಎಂದು ಹೆಸರಿಟ್ಟರು.

1974ರ ವ್ಯಾಪಾರ ಕಾಯ್ದೆ ಆ ಗಂಟನ್ನು ಸಡಿಲಿಸಿತು. ಸುಂಕ ಇಳಿಕೆಗೂ ಆಮದಿಗೂ ನಂಟು ತೋರಿಸಬೇಕೆಂಬ ಷರತ್ತು ಹೋಯಿತು. ಆಮದು ‘ಪ್ರಧಾನ ಕಾರಣ’ ಆಗಬೇಕಿಲ್ಲ, ಕೆಲಸ ಹೋಗಲು ಅದು ‘ಗಣನೀಯವಾಗಿ ಕಾರಣವಾಗಿದ್ದರೆ’ ಸಾಕು ಎಂದಾಯಿತು. ಅದರ ಅರ್ಥವನ್ನೂ ಕಾಯ್ದೆಯೇ ಬಿಡಿಸಿ ಹೇಳಿತು: ಆ ಕಾರಣ ಮುಖ್ಯವಾಗಿರಬೇಕು, ಆದರೆ ಬೇರೆ ಕಾರಣಗಳಿಗಿಂತ ದೊಡ್ಡದಾಗಿರಲೇಬೇಕು ಎಂದಿಲ್ಲ. ಇಷ್ಟೇ ಬದಲಾವಣೆ. ಬಾಗಿಲು ತೆರೆಯಿತು. 1980ರಲ್ಲಿ ಜಪಾನಿನ ಕಾರುಗಳ ಪೈಪೋಟಿ ಮತ್ತು ಆರ್ಥಿಕ ಹಿಂಜರಿತ ಒಟ್ಟಿಗೆ ಬಂದಾಗ ಮೋಟಾರು ಕಾರ್ಖಾನೆಗಳ ಲಕ್ಷಾಂತರ ಕಾರ್ಮಿಕರು ಅದರೊಳಗೆ ನಡೆದು ಬಂದರು. ಖರ್ಚು ನೋಡಿ ಬೆದರಿದ ರೇಗನ್ ಸರ್ಕಾರ ಮರುವರ್ಷವೇ ಭತ್ಯೆಗೆ ಕತ್ತರಿ ಹಾಕಿತು.

ಅರ್ಜಿಯ ದಾರಿ ಹೇಗಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಒಬ್ಬ ಕಾರ್ಮಿಕ ಒಂಟಿಯಾಗಿ ಅರ್ಜಿ ಹಾಕುವಂತಿರಲಿಲ್ಲ. ಒಂದೇ ಕಾರ್ಖಾನೆಯ ಮೂವರು ಸಹಿ ಹಾಕಬೇಕು. ಇಲ್ಲವೇ ಅವರ ಸಂಘ, ಕಂಪನಿಯ ಅಧಿಕಾರಿ ಅಥವಾ ರಾಜ್ಯದ ಉದ್ಯೋಗ ಕಚೇರಿ ಹಾಕಬೇಕು. ನನಗೆ ಈ ‘ಮೂವರು’ ಎಂಬ ಲೆಕ್ಕ ಇಷ್ಟವಾಗುತ್ತದೆ. ಸಂಘವಿಲ್ಲದ ಕಾರ್ಖಾನೆಯಲ್ಲಿ, ಮಾಲೀಕ ಕೈಯೆತ್ತಿದ ಮೇಲೂ, ಪಕ್ಕಪಕ್ಕ ನಿಂತು ದುಡಿದ ಮೂರು ಜನ ಸೇರಿದರೆ ವಾಷಿಂಗ್ಟನ್ನಿನ ಕಾರ್ಮಿಕ ಇಲಾಖೆ ತನಿಖೆ ಮಾಡಲೇಬೇಕಿತ್ತು. ಅರ್ಜಿ ಅಲ್ಲಿಗೂ ರಾಜ್ಯದ ಗವರ್ನರಿಗೂ ಹೋಗಬೇಕು. ಕೆಲಸ ಹೋಗಿ ಒಂದು ವರ್ಷ ದಾಟುವುದರೊಳಗೆ ಹೋಗಬೇಕು. ಆ ಗಡುವು ತಪ್ಪಿದವರಿಗೆ ಏನೂ ಇಲ್ಲ.

ಅಲ್ಲಿಂದ 40 ದಿನ ಇಲಾಖೆಯ ತನಿಖೆ. ಮೊದಲು ಎಷ್ಟು ಜನರ ಕೆಲಸ ಹೋಗಿದೆ ಎಂಬ ಲೆಕ್ಕ: 50ಕ್ಕಿಂತ ಕಡಿಮೆ ಜನರಿರುವ ಘಟಕದಲ್ಲಿ ಮೂವರು, ದೊಡ್ಡದರಲ್ಲಿ ನೂರಕ್ಕೆ ಐವರು ಅಥವಾ ಒಟ್ಟು 50 ಮಂದಿ, ಯಾವುದು ಕಡಿಮೆಯೋ ಅದು. ಆಮೇಲೆ ಕಂಪನಿಯ ಮಾರಾಟ ಅಥವಾ ಉತ್ಪಾದನೆ ಕುಸಿದಿದೆಯೇ? ಅದೇ ಬಗೆಯ, ಅಥವಾ ನೇರವಾಗಿ ಅದಕ್ಕೆ ಪೈಪೋಟಿ ಕೊಡುವ ಸರಕಿನ ಆಮದು ಏರಿದೆಯೇ? ಈ ಪ್ರಶ್ನೆಗಳನ್ನು ತನಿಖಾಧಿಕಾರಿ ಕಾರ್ಮಿಕರಿಗೆ ಕೇಳುತ್ತಿರಲಿಲ್ಲ, ಕಂಪನಿಗೆ ಪ್ರಶ್ನಾವಳಿ ಕಳಿಸುತ್ತಿದ್ದ. ಕಂಪನಿಯ ದೊಡ್ಡ ಗಿರಾಕಿಗಳಿಗೂ ಗೋಪ್ಯವಾಗಿ ಬರೆಯುತ್ತಿದ್ದ: ಇವರಿಂದ ಕೊಳ್ಳುವುದನ್ನು ಕಡಿಮೆ ಮಾಡಿದಿರಾ, ಅದರ ಬದಲು ಹೊರದೇಶದ ಮಾಲು ತರಿಸಿದಿರಾ? ಅಂದರೆ ಕಾರ್ಮಿಕನ ಅರ್ಹತೆ ನಿಂತದ್ದು ಅವನು ಎಂದೂ ಮುಖ ನೋಡದ ಯಾವುದೋ ಅಂಗಡಿ ಸರಣಿಯ ಖರೀದಿ ವಿಭಾಗದ ಉತ್ತರದ ಮೇಲೆ. ಆ ಉತ್ತರವನ್ನು ಅವನು ಓದುವಂತೆಯೂ ಇರಲಿಲ್ಲ.

ಕಾರ್ಖಾನೆಯೇ ಗಂಟುಮೂಟೆ ಕಟ್ಟಿಕೊಂಡು ಹೊರದೇಶಕ್ಕೆ ಹೋದರೆ? ಮೆಕ್ಸಿಕೊ, ಕೆನಡಾಗಳಿಗೆ ಹೋದ ಕೆಲಸಗಳಿಗೆಂದು 1993ರಲ್ಲಿ, ನಾಫ್ಟಾ ವ್ಯಾಪಾರ ಒಪ್ಪಂದದ ಜೊತೆ, ಪ್ರತ್ಯೇಕ ಯೋಜನೆ ಬಂತು. ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್‌ನಲ್ಲಿದ್ದ ಮೇಟ್ಯಾಗ್ ಫ್ರಿಜ್ ಕಾರ್ಖಾನೆ 2004ರಲ್ಲಿ ಮುಚ್ಚಿ ಕೆಲಸ ಮೆಕ್ಸಿಕೊದ ರೆನೋಸಾಕ್ಕೆ ಹೋದದ್ದು ಇಂಥ ಸ್ಥಳಾಂತರ. ಅಷ್ಟು ಹೊತ್ತಿಗೆ, 2002ರ ತಿದ್ದುಪಡಿಯಲ್ಲಿ, ಎರಡು ಯೋಜನೆಗಳೂ ಒಂದಾಗಿದ್ದವು.

ಅದೇ ತಿದ್ದುಪಡಿ ಇನ್ನೊಂದು ಗೆರೆಯನ್ನೂ ಸ್ವಲ್ಪ ಆಚೆಗೆ ಎಳೆಯಿತು. ನೆರವಿಗೆ ಅರ್ಹವೆಂದು ಇಲಾಖೆಯ ಮಾನ್ಯತೆ ಸಿಕ್ಕ ಕಾರ್ಖಾನೆಗೆ ಬಿಡಿಭಾಗ ಒದಗಿಸುವ ಘಟಕ ಇದೆಯೆನ್ನಿ. ಅದರ ಮಾಲಿನಲ್ಲಿ ನೂರಕ್ಕೆ 20 ಪಾಲು ಆ ಒಂದೇ ಕಾರ್ಖಾನೆಗೆ ಹೋಗುತ್ತಿದ್ದರೆ, ಅಥವಾ ಆ ವ್ಯಾಪಾರ ತಪ್ಪಿದ್ದೇ ಕೆಲಸ ಹೋಗಲು ಗಣನೀಯ ಕಾರಣವಾಗಿದ್ದರೆ, ಅಲ್ಲಿನ ಕಾರ್ಮಿಕರೂ ಅರ್ಹರಾದರು. ಆದರೆ ಗಿರಣಿ ಗೇಟಿನೆದುರು ಊಟದ ಹೋಟೆಲು ಇಟ್ಟವರು? ಶಿಫ್ಟು ಬಿಡುವ ಹೊತ್ತಿಗೆ ಬರುತ್ತಿದ್ದ ಗಿರಾಕಿಗಳನ್ನೇ ನಂಬಿದ್ದ ಕ್ಷೌರದಂಗಡಿಯವರು? ಅವರು ಗೆರೆಯ ಆಚೆ. ಗಿರಣಿಯ ಸೈರನ್ ನಿಂತಾಗ ಊರಿಗೆಲ್ಲ ಕತ್ತಲಾಗುತ್ತದೆ, ದೀಪ ಕೊಡುವಾಗ ಮಾತ್ರ ಗೇಟಿನ ಒಳಗಿದ್ದವರಿಗೆ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೂ ಕಾರಣ ನೋಡಿ ಕೊಡುವ ನೆರವಿನ ಮೂಲದೋಷ ಇಲ್ಲೇ ಇದೆ ಎಂದು ನನ್ನ ತಿಳಿವಳಿಕೆ. ಹಸಿವಿಗೆ ಕಾರಣ ಬೇರೆಬೇರೆ ಇರಬಹುದು, ಹಸಿವು ಬೇರೆಬೇರೆ ಅಲ್ಲ.

ಈ ಗೆರೆಯ ಜಗಳ ಒಮ್ಮೆ ನಮ್ಮ ಅಂಗಳಕ್ಕೂ ಬಂದಿತ್ತು. ಆಗ ಕಾಯ್ದೆ ‘ಸರಕು’ ತಯಾರಿಸುವವರಿಗೆ ಮಾತ್ರ ಅನ್ವಯವಾಗುತ್ತಿತ್ತು. ಕಂಪ್ಯೂಟರ್ ಸೈನ್ಸಸ್ ಕಾರ್ಪೊರೇಷನ್ ಎಂಬ ಅಮೆರಿಕದ ಕಂಪನಿಯ ಕೆಲವು ನೌಕರರ ಸಾಫ್ಟ್‌ವೇರ್ ಕೆಲಸ ಭಾರತಕ್ಕೆ ಬಂದಾಗ ಅವರು ನೆರವು ಕೇಳಿದರು. ಸಿ.ಡಿ.ಯಂಥ ಮುಟ್ಟಬಹುದಾದ ವಸ್ತುವಿನಲ್ಲಿ ತುಂಬಿ ಮಾರದ ಸಾಫ್ಟ್‌ವೇರ್ ಸರಕೇ ಅಲ್ಲ ಎಂದು ಇಲಾಖೆ ಅರ್ಜಿ ತಿರಸ್ಕರಿಸಿತು. ಅವರು ನ್ಯೂಯಾರ್ಕಿನ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯಕ್ಕೆ ಹೋದರು. ಇಲಾಖೆಯ ತೀರ್ಮಾನವನ್ನು ಅಲ್ಲಿ 60 ದಿನದೊಳಗೆ ಪ್ರಶ್ನಿಸಬಹುದಿತ್ತು, ಆ ನ್ಯಾಯಾಲಯ ಇಲಾಖೆಯ ಅರೆಬರೆ ತನಿಖೆಗಳನ್ನು ಹಲವು ಸಲ ಕಟುವಾಗಿಯೇ ಟೀಕಿಸಿದೆ. ಕಡೆಗೆ 2006ರಲ್ಲಿ ಇಲಾಖೆ ನಿಲುವು ಬದಲಿಸಿ, ಮುಟ್ಟಲಾಗದ ಸಾಫ್ಟ್‌ವೇರೂ ಸರಕೇ ಎಂದು ಒಪ್ಪಿತು. 2009ರ ತಿದ್ದುಪಡಿ ಸೇವಾ ವಲಯದವರನ್ನೂ ಸೇರಿಸಿಕೊಂಡಿತು. ಬೆಂಗಳೂರಿನಲ್ಲಿ ಒಂದು ಕುಟುಂಬಕ್ಕೆ ಮೊದಲ ಸಂಬಳ ತಂದ ಕೆಲಸ ಮತ್ತೊಂದು ಊರಿನಲ್ಲಿ ಯಾರದೋ ಕೊನೆಯ ಸಂಬಳವಾಗಿದ್ದಿರಬಹುದು. ಇದನ್ನು ತಪ್ಪೆಂದು ಹೇಳುತ್ತಿಲ್ಲ, ಮರೆಯಬಾರದು ಎಂದಷ್ಟೇ ಹೇಳುತ್ತಿದ್ದೇನೆ.

ಇಷ್ಟೆಲ್ಲ ಆದರೂ ಮಾನ್ಯತೆ ಸಿಗುತ್ತಿದ್ದದ್ದು ಗುಂಪಿಗೆ. ಆಮೇಲೆ ಪ್ರತಿಯೊಬ್ಬರೂ ತಮ್ಮ ಅರ್ಹತೆ ತೋರಿಸಬೇಕಿತ್ತು. ಕೆಲಸ ಹೋಗುವ ಮುಂಚಿನ 52 ವಾರಗಳಲ್ಲಿ ಕನಿಷ್ಠ 26 ವಾರ, ವಾರಕ್ಕೆ 30 ಡಾಲರಿಗೆ ಕಡಿಮೆಯಿಲ್ಲದ ಕೂಲಿಗೆ ದುಡಿದಿರಬೇಕಿತ್ತು. ತರಬೇತಿಗೆ ಸೇರಬೇಕಿತ್ತು, ಸೇರಲೂ ಒಂದು ಗಡುವು. ಪಿಲ್ಲೊಟೆಕ್ಸ್ ಕಾಲದ ನಿಯಮದಂತೆ ಮಾನ್ಯತೆ ಸಿಕ್ಕ 8 ವಾರ ಅಥವಾ ಕೆಲಸ ಹೋದ 16 ವಾರ, ಎರಡರಲ್ಲಿ ಯಾವುದು ತಡವೋ ಅಷ್ಟರೊಳಗೆ. ನಿನ್ನೆಯವರೆಗೆ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದವರು, ಮನೆಯ ಸಾಲದ ಕಂತಿನ ಚಿಂತೆಯ ನಡುವೆ, ನಾಲ್ಕು ತಿಂಗಳಲ್ಲಿ ಮುಂದಿನ ಇಡೀ ಬದುಕಿನ ಕಸುಬನ್ನು ಆರಿಸಿಕೊಂಡು ಕಾಲೇಜಿಗೆ ಹೆಸರು ಬರೆಸಬೇಕಿತ್ತು. ಈ ಗಡುವು ಕ್ರೂರವಾಗಿತ್ತು. ಮುಂದೆ ಅದನ್ನು 26 ವಾರಕ್ಕೆ ಹಿಗ್ಗಿಸಿದರು.

ಪಡೆದವರಿಗೆ ಸಿಕ್ಕಿದ್ದು ಸಣ್ಣದಲ್ಲ. ತರಬೇತಿಯ ಶುಲ್ಕ ಸರ್ಕಾರದ್ದು. ಓದುವಷ್ಟು ಕಾಲ, ನಿರುದ್ಯೋಗ ಭತ್ಯೆ ಮುಗಿದ ಮೇಲೂ, ಅದೇ ಮೊತ್ತದ ವಾರದ ಭತ್ಯೆ. ಎಲ್ಲ ಸೇರಿ ಸುಮಾರು ಎರಡು ವರ್ಷ, ಓದು-ಬರಹದ ಪೂರಕ ತರಗತಿ ಬೇಕಿದ್ದವರಿಗೆ ಇನ್ನೂ 26 ವಾರ. ಐವತ್ತು ದಾಟಿದವರಿಗೆ ಬೇರೊಂದು ದಾರಿ ಇತ್ತು, ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಅತ್ಯಂತ ವಿವೇಕದ ಭಾಗ ಅದು. ಮೊದಲು ವರ್ಷಕ್ಕೆ 30,000 ಡಾಲರ್ ದುಡಿಯುತ್ತಿದ್ದವರಿಗೆ ಈಗ 20,000 ಡಾಲರಿನ ಕೆಲಸ ಸಿಕ್ಕಿತು ಅನ್ನಿ. ಕಳೆದುಕೊಂಡ 10,000ದಲ್ಲಿ ಅರ್ಧ, ಅಂದರೆ 5,000 ಡಾಲರನ್ನು ಸರ್ಕಾರ ತುಂಬಿಕೊಡುತ್ತಿತ್ತು. ಎರಡು ವರ್ಷಕ್ಕೆ ಹೆಚ್ಚೆಂದರೆ 10,000. ಐವತ್ತೈದರ ಹರೆಯದಲ್ಲಿ ಮತ್ತೆ ಪಾಠಶಾಲೆಯ ಬೆಂಚಿಗೆ ಹೋಗೆನ್ನದೆ, ಸಿಕ್ಕ ಕೆಲಸವನ್ನು ಮರ್ಯಾದೆಯಿಂದ ಹಿಡಿಯಲು ಅದು ಆಸರೆ. ಆರೋಗ್ಯ ವಿಮೆಯ ಕಂತಿನಲ್ಲೂ ಆಗ ನೂರಕ್ಕೆ 65 ಭಾಗವನ್ನು ಸರ್ಕಾರ ಭರಿಸುತ್ತಿತ್ತು. ಉಳಿದ 35 ಭಾಗ ಕಟ್ಟಲು ಕೆಲಸವಿಲ್ಲದವರ ಹತ್ತಿರ ದುಡ್ಡೆಲ್ಲಿ? ಆ ಸವಲತ್ತು ಬಹಳ ಜನರಿಗೆ ಕಾಗದದಲ್ಲೇ ಉಳಿಯಿತು.

ಕನಾಪೊಲಿಸ್ಸಿನವರಿಗೆ ಮಾನ್ಯತೆ ಸಿಕ್ಕಿತು. ಹತ್ತಿರದ ರೋವನ್-ಕಬಾರಸ್ ಸಮುದಾಯ ಕಾಲೇಜು ಅವರಿಗಾಗಿ ತರಗತಿ ತೆರೆಯಿತು. ಬಂದವರಲ್ಲಿ ಬಹಳಷ್ಟು ಜನ ಹೈಸ್ಕೂಲನ್ನೇ ಮುಗಿಸಿರಲಿಲ್ಲ. ಹದಿನೇಳು-ಹದಿನೆಂಟಕ್ಕೆ ಗಿರಣಿ ಸೇರಿದವರಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಗಿರಣಿಯಿದ್ದ ಜಾಗವನ್ನು ಹಿಂದೊಮ್ಮೆ ಅದರ ಒಡೆಯನಾಗಿದ್ದ ಡೇವಿಡ್ ಮರ್ಡಾಕ್ ಎಂಬ ಶ್ರೀಮಂತ ಹರಾಜಿನಲ್ಲಿ ಕೊಂಡು, ಕಟ್ಟಡ ಕೆಡವಿಸಿ, ಜೈವಿಕ ಸಂಶೋಧನೆಯ ಕ್ಯಾಂಪಸ್ ಕಟ್ಟಿಸಿದ. ಟವೆಲ್ ಅಂಚು ಹೊಲಿದ ಕೈಗಳಿಗೂ ಪ್ರಯೋಗಾಲಯದ ಹುದ್ದೆಗಳಿಗೂ ನಡುವೆ ಇದ್ದ ದೂರವನ್ನು ಎರಡು ವರ್ಷದ ಭತ್ಯೆಯಿಂದ ದಾಟುವುದು ಸುಲಭವಾಗಿರಲಿಲ್ಲ.

ಹಾಗಾದರೆ ಯೋಜನೆ ಫಲ ಕೊಟ್ಟಿತೇ? ಇಲ್ಲಿ ಲೆಕ್ಕಗಳು ಜಗಳವಾಡುತ್ತವೆ. ಸರ್ಕಾರ ಮಾಡಿಸಿ 2012ರಲ್ಲಿ ಹೊರಬಂದ ಒಂದು ದೊಡ್ಡ ಮೌಲ್ಯಮಾಪನ, ನಾಲ್ಕು ವರ್ಷದ ನಂತರವೂ ಟಿಎಎ ಪಡೆದವರ ಗಳಿಕೆ ಪಡೆಯದ ಅಂಥದ್ದೇ ಕೆಲಸಗಾರರಿಗಿಂತ ಹಿಂದೆ ಇದೆ ಎಂದಿತು. ಬೆಂಜಮಿನ್ ಹೈಮನ್ ಎಂಬ ಅರ್ಥಶಾಸ್ತ್ರಜ್ಞರು ಬೇರೆ ದಾರಿ ಹಿಡಿದರು. ಒಂದೇ ಬಗೆಯ ಅರ್ಜಿಗೆ ಒಬ್ಬ ತನಿಖಾಧಿಕಾರಿ ಉದಾರವಾಗಿ ಹೂಂ ಅನ್ನುತ್ತಾನೆ, ಇನ್ನೊಬ್ಬ ಬಿಗಿಯಾಗಿ ಇಲ್ಲ ಅನ್ನುತ್ತಾನೆ; ಯಾರ ಮೇಜಿಗೆ ಅರ್ಜಿ ಬಿತ್ತು ಎಂಬುದು ಅದೃಷ್ಟ. ಈ ಅದೃಷ್ಟದಿಂದ ಬೇರೆಯಾದ ಎರಡು ಗುಂಪುಗಳನ್ನು ಹೋಲಿಸಿ, ನೆರವು ಸಿಕ್ಕವರು ಹತ್ತು ವರ್ಷದಲ್ಲಿ ಒಟ್ಟು ಸುಮಾರು 50,000 ಡಾಲರ್ ಹೆಚ್ಚು ಗಳಿಸಿದ್ದನ್ನು ಅವರು ಕಂಡರು. ತರಬೇತಿ ಕೆಲಸ ಮಾಡುತ್ತದೆ, ತಡವಾಗಿ ಮಾಡುತ್ತದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಆದರೆ ಒಂದು ಮನೆಯ ಹತ್ತು ವರ್ಷದ ಗಳಿಕೆ ಅಧಿಕಾರಿಯ ಸ್ವಭಾವದ ಮೇಲೆ ನಿಂತಿತ್ತು ಎಂಬ ಸಂಗತಿ ಆ ಸಮಾಧಾನವನ್ನು ಉಳಿಸುವುದಿಲ್ಲ.

ಇನ್ನೂ ದೊಡ್ಡ ಸತ್ಯವನ್ನು ಅರ್ಥಶಾಸ್ತ್ರಜ್ಞರಾದ ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ 2013ರಲ್ಲಿ ತೋರಿಸಿದರು. ಚೀನಾದ ಆಮದಿನ ಏಟು ಹೆಚ್ಚು ತಿಂದ ಪ್ರದೇಶಗಳಲ್ಲಿ ಸರ್ಕಾರದ ನೆರವಿನ ಹಣ ಹೆಚ್ಚಾಯಿತು ನಿಜ. ಅದು ಹೋದದ್ದು ಯಾವ ದಾರಿಯಲ್ಲಿ? ಆಮದಿನ ಸಂತ್ರಸ್ತರಿಗೆಂದೇ ಕಟ್ಟಿದ ಟಿಎಎ ಮೂಲಕ ಬಂದದ್ದು ಅತ್ಯಲ್ಪ. ಅಂಗವೈಕಲ್ಯ ಪಿಂಚಣಿ, ವೈದ್ಯಕೀಯ ನೆರವುಗಳ ಮೂಲಕ ಬಂದದ್ದು ಅದಕ್ಕಿಂತ ಹಲವು ಪಟ್ಟು. ಕೆಲಸ ಹೋದವರು ಕಡೆಗೆ ಸರ್ಕಾರದ ಪಟ್ಟಿಯಲ್ಲಿ ರೋಗಿಗಳಾಗಿ ಸೇರಿದರು.

2022ರ ಜುಲೈ 1ಕ್ಕೆ ಯೋಜನೆಯ ಅವಧಿ ತೀರಿತು. ಅಮೆರಿಕದ ಸಂಸತ್ತು ಅದನ್ನು ನವೀಕರಿಸಲಿಲ್ಲ. ಅದಕ್ಕೆ ಮುಂಚೆ ಮಾನ್ಯತೆ ಪಡೆದವರಿಗೆ ನೆರವು ಮುಂದುವರಿಯಿತು. ಹೊಸ ಅರ್ಜಿ ತೆಗೆದುಕೊಳ್ಳುವ, ತೀರ್ಮಾನ ಕೊಡುವ ಅಧಿಕಾರ ಮಾತ್ರ ಇಲಾಖೆಗೆ ಇಲ್ಲವಾಯಿತು. ಅರವತ್ತು ವರ್ಷದ ಹಿಂದೆ ಸುಂಕ ಇಳಿಸಲು ಕೊಟ್ಟ ಮಾತು ಹೀಗೆ ಸದ್ದಿಲ್ಲದೆ ಮುಗಿಯಿತು. ಇತ್ತ ಯುರೋಪು ಎದುರು ದಿಕ್ಕಿಗೆ ನಡೆಯಿತು: ಕೆಲಸ ಕಳೆದುಕೊಂಡವರಿಗೆಂದು 2007ರಲ್ಲಿ ಶುರುವಾದ ಅದರ ನಿಧಿಯಿಂದ ನೆರವು ಸಿಗಲು ಮೊದಲು 1,000 ಜನರ ಕೆಲಸ ಹೋಗಿರಬೇಕಿತ್ತು, 2021ರಿಂದ 200 ಸಾಕು. ಸ್ವಂತ ದುಡಿಮೆಯವರೂ ಅದರ ಲೆಕ್ಕಕ್ಕೆ ಬರುತ್ತಾರೆ.

ನಮ್ಮಲ್ಲಿ? 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ನೂರಕ್ಕೆ 30ರಿಂದ 5ಕ್ಕೆ ಇಳಿದದ್ದನ್ನು ರಾಮನಗರದ ಗೂಡಿನ ಮಾರುಕಟ್ಟೆ ಮರೆತಿಲ್ಲ. ಬೆಳೆಗಾರರು ಬೀದಿಗಿಳಿದರು, ಎರಡು ವರ್ಷದ ಮೇಲೆ ಸುಂಕ 15ಕ್ಕೆ ಏರಿತು. ಆದರೆ ಬಿಸಿನೀರಿನಲ್ಲಿ ಕೈಯದ್ದಿ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಘಟಕಗಳ ಹೆಂಗಸರ ಹೆಸರು ಆ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ. ತೀರಾ ಅಗ್ಗಕ್ಕೆ ತಂದು ಸುರಿದ ಆಮದಿನಿಂದ ಉದ್ಯಮಕ್ಕೆ ಹಾನಿಯಾದರೆ ಸುರಿ-ವಿರೋಧಿ (ಆ್ಯಂಟಿ-ಡಂಪಿಂಗ್) ಸುಂಕ ಹಾಕುವ ವ್ಯವಸ್ಥೆ ನಮ್ಮಲ್ಲಿದೆ. ಹಾನಿ ಅಳೆಯುವಾಗ ಉದ್ಯೋಗ ನಷ್ಟವನ್ನೂ ನೋಡುತ್ತಾರೆ. ಆಮೇಲೆ ರಕ್ಷಣೆ ಉದ್ಯಮಕ್ಕೆ, ಸುಂಕದ ಹಣ ಖಜಾನೆಗೆ. ಆಗಲೇ ಕೆಲಸ ಕಳೆದುಕೊಂಡವರ ಕೈಗೆ ಏನೂ ಬರುವುದಿಲ್ಲ.

ಇ.ಎಸ್.ಐ. ವ್ಯಾಪ್ತಿಯ ಕಾರ್ಮಿಕರಿಗೆ 2018ರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಬಂತು: ಕೆಲಸ ಹೋದರೆ 90 ದಿನದವರೆಗೆ, 2020ರಿಂದ ಸರಾಸರಿ ದಿನಗೂಲಿಯ ಅರ್ಧ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಮರುಕೌಶಲ ನಿಧಿಯೊಂದನ್ನು ಹೇಳುತ್ತದೆ, ಅದರಲ್ಲಿ ಮಾಲೀಕರು ಕಟ್ಟಬೇಕಾದದ್ದು ಕೆಲಸ ಕಳೆದುಕೊಂಡ ಪ್ರತಿಯೊಬ್ಬರಿಗೂ 15 ದಿನದ ಕೂಲಿ. ಹದಿನೈದು ದಿನದಲ್ಲಿ ಯಾವ ಕಸುಬು ಕಲಿಯಲಾದೀತು? ಇವೆರಡಕ್ಕೂ ಹೆಸರು ದಾಖಲೆಯಲ್ಲಿ ಇರಬೇಕು. ಸಂಬಳದ ಚೀಟಿಯನ್ನೇ ಕಂಡಿರದ ರೀಲಿಂಗ್ ಕೆಲಸಗಾರರಿಗೆ ಅಮೆರಿಕದ 26 ವಾರದ ನಿಯಮವೂ ದಾಟಲಾಗದ ಗೋಡೆಯೇ.

ನಮ್ಮ ಸರ್ಕಾರ ಈಚಿನ ವರ್ಷಗಳಲ್ಲಿ ಒಂದರ ಹಿಂದೊಂದು ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕುತ್ತಿದೆ: 2022ರಲ್ಲಿ ಯುಎಇ ಜೊತೆ, 2024ರಲ್ಲಿ ಯುರೋಪಿನ ಇಎಫ್‌ಟಿಎ ಕೂಟದ ದೇಶಗಳ ಜೊತೆ, 2025ರಲ್ಲಿ ಬ್ರಿಟನ್ ಜೊತೆ. ಯಾವ ಸರಕಿನ ಸುಂಕ ಎಷ್ಟು ವರ್ಷದಲ್ಲಿ ಎಷ್ಟು ಇಳಿಯುತ್ತದೆ ಎಂಬ ಪಟ್ಟಿ ನೂರಾರು ಪುಟ ಇರುತ್ತದೆ. ನಮ್ಮ ಸಂಸದರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಒಪ್ಪಂದದ ಚರ್ಚೆ ಸದನಕ್ಕೆ ಬಂದಾಗ, ಆ ಪಟ್ಟಿಯ ಯಾವ ಸಾಲಿನಿಂದ ಯಾವ ತಾಲ್ಲೂಕಿನ ಎಷ್ಟು ಜನರ ಕೆಲಸಕ್ಕೆ ಕುತ್ತು ಬರುತ್ತದೆ ಎಂದು ಸರ್ಕಾರವನ್ನು ಕೇಳಿ. ಅವರಿಗಾಗಿ ತೆಗೆದಿಟ್ಟ ಹಣ ಎಷ್ಟೆಂದು ಕೇಳಿ. ಅದನ್ನು ಪಡೆಯಲು ಕಾರ್ಖಾನೆಯ ದಾಖಲೆ ಇಲ್ಲದವರು ಯಾವ ಕಾಗದ ತರಬೇಕು ಎಂಬುದನ್ನೂ, ಸುಂಕ ಇಳಿಯುವ ಮೊದಲೇ, ಬರಹದಲ್ಲಿ ಕೇಳಿ.